ಬಂಡೆಪ್ಪಣ್ಣನ ಪೂಜೆ, ನನ್ನ ಬೆಲ್ಟು

ತೆಲುಗು ನಾಡಿನ ಜೀಡಿಮೆಟ್ಲಾದ ನಮ್ಮ ಪಶು ಆಹಾರ ಮಿಲ್ಲಿನಲ್ಲಿ ಹಿಂಡಿ ಸಾಗಿಸುವ ಉದ್ದನೆಯ ರಬ್ಬರ್ ಬೆಲ್ಟು ಐದು ವರ್ಷ ತೆಪ್ಪಗೆ ಓಡಿತ್ತಂತೆ. ಅದರ ಉಸ್ತುವಾರಿ ನನಗೆ ಬಂದ ಮೇಲೆಯೇ ಅದು ಹಟ ಹಿಡಿಯಬೇಕೇ? ಓಡುತ್ತ ಓಡುತ್ತ ನಾವು ಓಡಾಡುವ ಕಡೆಗೇ ಸರಿಯುತ್ತಿತ್ತು. ಅಂಚು ಕಬ್ಬಿಣಕ್ಕೆ ಉಜ್ಜಿ ಹರಿಯುತ್ತಿತ್ತು, ಹಿಂಡಿ ನೆಲದ ಪಾಲಾಗುತ್ತಿತ್ತು.

"ಶನಿವಾರದೊಳಗೆ ನೆಟ್ಟಗೆ ಓಡದಿದ್ದರೆ ನೀನು ವಾಪಸ್ ಚೀಲ ಹೊಲಿಯೋಕೆ ಹೋಗು" ಎಂದುಬಿಟ್ಟರು ಮ್ಯಾನೇಜರ್. ಚೀಲ ಹೊಲಿದು ಹೊಲಿದು ನನ್ನ ಸೊಂಟ ಬಿದ್ದುಹೋಗಿತ್ತು. ಬೋಲ್ಟ್ ತಿರುಗಿಸುವ ಪಾನಾ ಹಿಡಿಯಲು ಕಲಿತದ್ದೇ ಅಲ್ಲಿಂದ ಪಾರಾಗಲು. ಮತ್ತೆ ಅಲ್ಲಿಗೆ ಹೋಗಲು ನಾನು ತಯಾರಿರಲಿಲ್ಲ.

ಬೆಲ್ಟನ್ನು ಎಳೆದು ಹಿಡಿಯುವ ಬೋಲ್ಟನ್ನು ಒಂದು ಕಡೆ ಬಿಗಿ ಮಾಡಿದೆ. ಅರ್ಧ ದಿನ ಸರಿಯಿತ್ತು, ಆಮೇಲೆ ಅದೇ ರಾಗ. ಇನ್ನೂ ಬಿಗಿ ಮಾಡಿದೆ. ಊಹೂಂ. ಶುಕ್ರವಾರ ಕರೆಂಟ್ ತೆಗೆಸಿ, ಸ್ವಿಚ್ಚಿಗೆ ಬೀಗ ಹಾಕಿಸಿ, ಬೆಲ್ಟಿನ ಕೊನೆಯ ದೊಡ್ಡ ರೋಲರಿನ ಕೆಳಗೆ ಮಲಗಿ ಕೈಯಾಡಿಸಿದೆ. ಗೋಡೆ ಕಡೆಯ ತುದಿ ನುಣ್ಣಗಿತ್ತು. ನಾವು ಓಡಾಡುವ ಕಡೆಯ ತುದಿಗೆ ರೊಟ್ಟಿಯಷ್ಟು ದಪ್ಪಗೆ ಏನೋ ಹಳದಿ ಮೆತ್ತಿಕೊಂಡಿತ್ತು. ಕೆರೆದು ಮೂಸಿದೆ. ಅರಿಶಿನ, ತೆಂಗಿನಕಾಯಿ ನೀರು. ಅದರ ಮೇಲೆ ಹಿಂಡಿ ಕೂತು ಕಲ್ಲಾಗಿತ್ತು.

ಸಿಟ್ಟು ನೆತ್ತಿಗೇರಿತು. "ಯಾರ್ರೀ ಇದನ್ನ ಮಾಡಿದವ್ರು?"

"ನಾನವ್ವಾ" ಎಂದ ಬಂಡೆಪ್ಪಣ್ಣ. ಚಿಂಚೋಳಿ ಕಡೆಯವನು, ನಮ್ಮ ಹಮಾಲರಲ್ಲೆಲ್ಲ ಹಿರಿಯ. "ನೀ ಬೆಲ್ಟಿಗೆ ನಿಂತಾಗಿಂದ ದಿನಾ ಮುಂಜಾನೆ ಈ ರೋಲರಿಗೆ ಪೂಜಿ ಮಾಡಾಕತ್ತೀನಿ. ನಿನ್ನ ಕೈಗೆ ಏನೂ ಆಗಬಾರದು ಅಂತ." ಹಳೆಯ ಮಿಲ್ಲಿನ ಬೆಲ್ಟಿಗೆ ಎರಡು ಬೆರಳು ಕೊಟ್ಟುಬಂದ ತನ್ನ ಬಲಗೈಯನ್ನು ಅವನು ಹಿಂದಕ್ಕೆ ಮರೆಸಿಕೊಂಡ.

ಅವನ ಮುಖಕ್ಕೆ ಹಿಡಿಯಲಿದ್ದ ಹಳದಿ ಚೂರನ್ನು ಕೆಳಗಿಟ್ಟೆ. ಊರು ಬಿಟ್ಟು ಬಂದ ಮೇಲೆ ನನ್ನ ಬೆರಳಿನ ಚಿಂತೆ ಮಾಡಿದವರು ಯಾರಿದ್ದರು?

"ಅಣ್ಣಾರ, ನಿಮ್ಮ ಪೂಜಿಗೆ ನಾ ಬ್ಯಾಡ ಅನ್ನಂಗಿಲ್ರಿ. ಆದ್ರ ರೋಲರು ಒಂದು ಕಡಿ ದಪ್ಪ ಆತಂದ್ರ ಬೆಲ್ಟು ಆ ಕಡೀಗೇ ಏರ್ತೈತಿ. ನಾಳಿಂದ ಈ ಕಂಬಕ್ಕ ಮಾಡ್ರಿ."

ಅವನು ಹೋಗಿ ಉಳಿ ತಂದು ನನ್ನ ಪಕ್ಕದಲ್ಲೇ ಕೂತು ಕೆರೆಯತೊಡಗಿದ. ಹೊಳೆಯುವ ಹಾಗೆ ಕೆರೆದೆವು. ನಾನು ತಿರುಗಿಸಿ ಕೆಡಿಸಿದ್ದ ಬೋಲ್ಟುಗಳನ್ನು ಎರಡೂ ಕಡೆ ಸಮ ಮಾಡಿದೆ.

ಶನಿವಾರ ಮೊದಲು ಬೆಲ್ಟನ್ನು ಬರಿದೇ ಓಡಿಸಿದೆ. ಆಮೇಲೆ ಪೂರ್ತಿ ಹಿಂಡಿ ಸುರಿಸಿದೆ. ಎರಡೂ ಅಂಚು ಗೆರೆ ಎಳೆದ ಹಾಗೆ ಓಡಿದವು. ಮ್ಯಾನೇಜರ್ ಈ ತುದಿಯಿಂದ ಆ ತುದಿಯವರೆಗೆ ನಡೆದು, ಬಗ್ಗಿ ನೋಡಿ, ಬೀಳದ ಹಿಂಡಿಯನ್ನು ನೆಲದ ಮೇಲೆ ಹುಡುಕಿದರು. "ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿ ಹೋದರು. ಕುಣಿಯಬೇಕು ಅನಿಸಿತು. ಪಾನಾ ಸೊಂಟಕ್ಕೆ ಸಿಕ್ಕಿಸಿ, ಗಂಭೀರವಾಗಿ ನಿಂತೆ.

ಬಂಡೆಪ್ಪಣ್ಣ ಕಂಬದ ಬುಡದಲ್ಲಿ ಕಾಯಿ ಹಿಡಿದು ಅನುಮಾನಿಸುತ್ತಿದ್ದ. "ಬೆಲ್ಟು ನೆಟ್ಟಗಾತಲ್ಲವ್ವಾ. ಇನ್ನ ಕಾಯಿ ಯಾಕ?"

"ನನ್ನ ಕೈ ಸಲುವಾಗಿ ಒಡೀರಿ ಅಣ್ಣಾರ" ಎಂದೆ. "ಬೆಲ್ಟಿಗೆ ನಾ ಅದೀನಿ."