ಬಾಗಿಲ ಬಿಸಿಲಿನಲ್ಲಿ ಕರಿಬಟ್ಟೆ

ಕೊಲ್ಲಿನಾಡಿನ ರುಮೈಥಿಯಾದಲ್ಲಿ, ಹೆಂಗಸರು ಮೈತುಂಬ ತೊಡುವ ಕರಿ ನಿಲುವಂಗಿ ಅಬಾಯಾದ ಅಂಗಡಿಯಲ್ಲಿ ಹದಿನೆಂಟು ವರ್ಷ ಕರಿಬಟ್ಟೆಯನ್ನೇ ಹೊಲಿದ ಸುಂದರನಿಗೆ ಕನ್ನಡಕ ಹಾಕುವವರನ್ನು ಕಂಡರೆ ಅಷ್ಟಕ್ಕಷ್ಟೆ. ಪಕ್ಕದ ಮಿಷನ್ನಿನ ಅಝರುದ್ದೀನ ಹತ್ತಿರದ್ದು ಕಾಣಲು ಹಾಕುವ ಕನ್ನಡಕಕ್ಕೆ ಸೋಡಾ ಬಾಟ್ಲಿ ಎಂದೇ ಹೆಸರಿಟ್ಟಿದ್ದ. ತನ್ನದೆಂದರೆ ಊರಲ್ಲಿ ಗದ್ದೆಯಾಚೆಯ ಬದುವಿನ ಮೇಲೆ ಕೂತ ಕೊಕ್ಕರೆಯ ಕೊಕ್ಕು ಗುರುತಿಸುವ ಕಣ್ಣು. ಈಗಲೂ ರಸ್ತೆಯಾಚೆಯ ಬಸ್ಸಿನ ನಂಬರನ್ನು ಎಲ್ಲರಿಗಿಂತ ಮೊದಲು ಓದುವವನು ಅವನೇ.

ಆದರೆ ನಲವತ್ತಾರು ದಾಟಿದ ಮೇಲೆ ಸೂಜಿಗೆ ನೂಲು ಏರದಾಯಿತು. ಬಟ್ಟೆಯನ್ನು ದೂರ ಹಿಡಿದ, ಇನ್ನೂ ದೂರ ಹಿಡಿದ, ಕೊನೆಗೆ ಕೈ ಉದ್ದವೇ ಸಾಲದೆ ಹೋಯಿತು. ತಪ್ಪೆಲ್ಲ ಟ್ಯೂಬ್‌ಲೈಟಿನದು ಎಂದು ತೀರ್ಮಾನಿಸಿ ಸ್ಟೂಲನ್ನು ಬಾಗಿಲಿಗೆ ಎಳೆದುಕೊಂಡ. ಅಲ್ಲಿಯ ಬಿಸಿಲಿಗೆ ಒಂದೊಂದು ಎಳೆಯೂ ಕಂಡಿತು.

ಸಾಲ್ಮಿಯಾದ ಕನ್ನಡಕದಂಗಡಿಯಲ್ಲಿ ದುಡಿಯುವ ಹೆಂಡತಿ ಚಂಪಾ ಊಟದ ಮಧ್ಯೆ ಅವನಿಂದ ಇದನ್ನು ಕೇಳಿಸಿಕೊಂಡಳು.

"ಬಿಸಿಲಿಗೆ ಕಣ್ಣಿನ ಪಾಪೆ ಸಣ್ಣ ಆಗ್ತದೆ, ಹಾಗಾಗಿ ಹತ್ತಿರದ್ದು ಚಂದ ಕಾಣ್ತದೆ. ಒಳಗಿನ ಲೆನ್ಸ್ ಗಟ್ಟಿಯಾದದ್ದು ಗಟ್ಟಿಯೇ ಮಾರಾಯ್ರೆ. ಬಿಸಿಲಿಂದ ಒಳಗೆ ಬಂದು ಕೂಡ್ಲೇ ಬಟ್ಟೆ ಹಿಡೀಬೇಡಿ. ಕಣ್ಣು ಒಗ್ಗಲಿಕ್ಕೆ ಹೊತ್ತು ಬೇಕು."

"ಫ್ರೇಮು ಮಾರಿ ಮಾರಿ ನೀನು ಡಾಕ್ಟರೇ ಆದದ್ದಾ?" ಎಂದು ಸುಂದರ ಮೀನಿನ ಮುಳ್ಳು ಬಿಡಿಸುತ್ತ ನಕ್ಕ. ಮುಳ್ಳನ್ನೂ ಅವನು ಬೆರಳಿನಲ್ಲಿ ತಡವಿಯೇ ತೆಗೆಯುತ್ತಿದ್ದ.

ಆ ವಾರ ಕಟಿಂಗ್ ಮಾಸ್ಟರ್ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ. ಮ್ಯಾನೇಜರ್ ಲೆಸ್ಟರ್ ಒಂದು ಮದುಮಗಳ ಅಬಾಯಾವನ್ನು ಸುಂದರನ ಕೈಗೆ ಕೊಟ್ಟು, ಇದು ಸರಿಯಾಗಿ ಬಂದರೆ ಮಾಸ್ಟರ್ ಮೇಜು ನಿನ್ನದೇ ಎಂದ. ಆ ಬಟ್ಟೆಯ ಮೇಲ್ಮೈಗೆ ತೆಳು ಹೊಳಪು, ಅಡಿಗೆ ಹೊಳಪಿಲ್ಲ. ಸುಂದರ ಮಟಮಟ ಮಧ್ಯಾಹ್ನ ಬಾಗಿಲಲ್ಲಿ ಕೂತು ತೋಳಿನ ಅಂಚು ಹೊಲಿದ. ಲೆಸ್ಟರ್ ಅವಸರ ಮಾಡಿದ್ದಕ್ಕೆ ಒಳಗೆ ಬಂದವನೇ ಎಡತೋಳನ್ನು ಜೋಡಿಸಿ ಮಿಷನ್ ಓಡಿಸಿದ. ಹೊಲದಿಂದ ನೇರ ಕೊಟ್ಟಿಗೆಗೆ ಹೊಕ್ಕವನ ಹಾಗೆ ಅವನ ಕಣ್ಣಿಗಿನ್ನೂ ಎಲ್ಲ ಕಪ್ಪೂ ಒಂದೇ ಆಗಿತ್ತು.

ನಾಲ್ಕು ಗಂಟೆಗೆ ಮದುಮಗಳ ತಾಯಿ ಬಂದು ಅಬಾಯಾವನ್ನು ಬಾಗಿಲ ಬೆಳಕಿಗೆ ಹಿಡಿದಳು. ಬಲತೋಳು ಮಿನುಗಿತು, ಅಡಿಮೈ ಹೊರಗಾದ ಎಡತೋಳು ಬೂದಿಯಂತಿತ್ತು. ಆಕೆ ಅದನ್ನು ಲೆಸ್ಟರನ ಕೈಗಿಟ್ಟು, ಏಳಕ್ಕೆ ಬರುವುದಾಗಿ ಹೇಳಿ ಹೊರಟುಹೋದಳು.

"ಬಸ್ಸಿನ ನಂಬರ್ ಓದಿದ್ದು ಸಾಕು ಸುಂದರ, ಇದನ್ನು ಬಿಚ್ಚು," ಎಂದ ಲೆಸ್ಟರ್.

ಚಳಿಗಾಲದ ಬಿಸಿಲು ಅಷ್ಟರಲ್ಲಿ ಬಾಗಿಲು ಬಿಟ್ಟು ಸರಿದಿತ್ತು. ಕರಿಬಟ್ಟೆಯ ಮೇಲಿನ ಕರಿಹೊಲಿಗೆ ಎಲ್ಲಿದೆ ಎಂದೇ ತಿಳಿಯದೆ ಸುಂದರನ ಬ್ಲೇಡು ಗಾಳಿಯಲ್ಲೇ ನಿಂತಿತು. ಅಝರುದ್ದೀನ್ ತನ್ನ ಕನ್ನಡಕ ತೆಗೆದು ಸುಂದರನ ಮಿಷನ್ನಿನ ಮೇಲಿಟ್ಟ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಸುಂದರ ಅದನ್ನು ಮೂಗಿಗೇರಿಸಿದ.

ಹೊಲಿಗೆ ಎದ್ದು ಕಂಡಿತು. ಪಕ್ಕದಲ್ಲಿ ನೇತುಹಾಕಿದ್ದ, ತಾನೇ ಈ ತಿಂಗಳು ಹೊಲಿದ ಅಬಾಯಾಗಳ ಅಂಚೂ ಕಂಡಿತು. ದಾರಿ ತಪ್ಪಿದ ಇರುವೆಸಾಲಿನಂಥ ತನ್ನ ಹೊಲಿಗೆ. ನಡುನಡುವೆ ಅದನ್ನು ಬಿಚ್ಚಿ ಸರಿಮಾಡಿದ ನೆಟ್ಟಗಿನ ಇನ್ನೊಂದು ಕೈ. ಆ ಕೈ ಪಕ್ಕದ ಮಿಷನ್ನಿನದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಏಳಕ್ಕೆ ಅಬಾಯಾ ಹೋಯಿತು. ಮಾಸ್ಟರನ ಕತ್ತರಿಯನ್ನು ಲೆಸ್ಟರ್ ಅಝರುದ್ದೀನನ ಮುಂದಿಟ್ಟ. ಸುಂದರ ಕನ್ನಡಕ ಮರಳಿಸುತ್ತ, ಇದರ ಕಡ್ಡಿ ಸಡಿಲ, ಗಾಜೂ ಕಳಪೆ ಎಂದ. ಆಮೇಲೆ ಹೊರಗೆ ಬಂದು ಚಂಪಾಳಿಗೆ ಫೋನ್ ಮಾಡಿದ.

"ನಿನ್ನ ಅಂಗಡಿಯಲ್ಲಿ ಮುದುಕರ ಹಾಗೆ ಕಾಣದ ಕನ್ನಡಕ ಉಂಟಾ?"

"ಉಂಟು. ಆದ್ರೆ ಮೊದ್ಲು ಟೆಸ್ಟು," ಎಂದಳು ಚಂಪಾ. "ನಾಳೆ ಬಂದು ಸಾಲಲ್ಲಿ ಕೂತ್ಕೊಳ್ಳಿ. ಫ್ರೇಮು ಮಾರುವ ಡಾಕ್ಟರಮ್ಮ ಕರೀತಾರೆ."