ಹೇಳು ಒತ್ತದ ಮಾತು

ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಮೆಮೊರಿ ಚಿಪ್‌ಗೆ ಹೋಗುವ ಆಜ್ಞೆಗಳು ಯಾವ ಕ್ರಮದಲ್ಲಿ ಹೋಗಬೇಕು, ಎರಡರ ನಡುವೆ ಎಷ್ಟು ಹೊತ್ತು ತಡೆಯಬೇಕು ಎಂದು ನೋಡಿಕೊಳ್ಳುವುದು ಅವಳ ಕೆಲಸ. ಚಿಪ್ಪಿನೊಳಗೆ ಎಲ್ಲವೂ ಸಾಲು ಸಾಲಾಗಿರುತ್ತದೆ. ಒಂದು ಸಾಲನ್ನು ತೆರೆಯಬೇಕು, ಓದಬೇಕು, ಮುಚ್ಚಬೇಕು. ಮುಚ್ಚಿದ ಮೇಲೆ ಚೂರು ಸುಧಾರಿಸಿಕೊಳ್ಳಲು ಬಿಟ್ಟು ಇನ್ನೊಂದನ್ನು ತೆರೆಯಬೇಕು. ಅವಸರಕ್ಕೆ ಬಿದ್ದರೆ ಎಲ್ಲವೂ ಕಲಸುಮೇಲೋಗರ.

ಅಕ್ಕನ ಗಂಟಲಿನ ಆಪರೇಷನ್ನಿಗೆ ಮುಂಚೆ ಅವಳು ಒಂದು ಡಬ್ಬಿ ಮಾಡಿಕೊಟ್ಟಿದ್ದಳು. ಅಕ್ಕ ತನ್ನ ಕಂಠದಲ್ಲೇ ಒಂದೊಂದೇ ಪದ ಹೇಳಿ ಅದರಲ್ಲಿ ತುಂಬಿಸಿದಳು. ದನಿ ಹೋದ ಮೇಲೆ ಬೇಕಾದ ಪದಗಳ ಗುಂಡಿಗಳನ್ನು ಒತ್ತಿ, ಕೊನೆಗೆ ‘ಹೇಳು’ ಎಂಬ ಗುಂಡಿ ಒತ್ತಿದರೆ ಡಬ್ಬಿ ಮಾತಾಡುತ್ತಿತ್ತು. ಜಾಗ ಸಾಲದೆ ಕ್ರಿಯಾಪದಗಳಿಗೆಲ್ಲ ಒಂದೇ ರೂಪ: ತಿನ್ನೋದು, ಮಲಗೋದು, ಹೋಗೋದು. “ಹೆಂಡತಿ ಹೋಗಿ ಹೆಡ್‌ಮೇಷ್ಟ್ರು ಬಂದ ಹಾಗಾಯ್ತು” ಎಂದು ಭಾವ ನಗುತ್ತಿದ್ದರು. ಡಬ್ಬಿ ನಿಧಾನ ಎಂದು ಅಕ್ಕ ಸಿಡುಕಿದ್ದಕ್ಕೆ, ತಂಗಿ ಆಜ್ಞೆಗಳ ನಡುವಿನ ಬಿಡುವನ್ನು ಆದಷ್ಟು ಕತ್ತರಿಸಿದ್ದಳು.

ಅಕ್ಕ ತೀರಿಕೊಂಡು ಒಂದೆರಡು ತಿಂಗಳಾಗಿತ್ತು. ಒಂದು ದಿನ ಭಾವ ಫೋನ್ ಮಾಡಿದರು.

“ನಿಮ್ಮಕ್ಕ ಮಾತಾಡ್ತಿದ್ದಾಳಮ್ಮ.”

“ಏನು ಭಾವ ಹಾಗಂದ್ರೆ?”

“ಬಂದು ಕೇಳು.”

ಅವಳು ಹೋದಾಗ ಮಧ್ಯಾಹ್ನ. ಭಾವ ಟೈಲರ್, ಮುಂದಿನ ಕೋಣೆಯೇ ಅಂಗಡಿ. ಬಾಗಿಲು ಹಾರುಹೊಡೆದಿತ್ತು. ಚಳಿಗಾಳಿಗೆ ಬಟ್ಟೆಯ ಚೂರುಗಳು ನೆಲದ ಮೇಲೆ ಓಡಾಡುತ್ತಿದ್ದವು. ಭಾವ ಶಾಲು ಹೊದ್ದು, ಕೆಮ್ಮುತ್ತ, ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಕಣ್ಣು ಗುಳಿ ಬಿದ್ದಿತ್ತು. ಡಬ್ಬಿ ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿತ್ತು.

“ಕರೆಂಟ್ ಹೋಗಿ ಬಂದಾಗಲೆಲ್ಲ ಹೇಳ್ತಾಳೆ” ಎಂದು ಅವರು ಸ್ವಿಚ್ ಆರಿಸಿ ಹಾಕಿದರು.

ಅಕ್ಕನ ದನಿ ಬಂತು. “ಕಾಯೋದು. ಬಾಗಿಲು ಹಾಕೋದು ಬೇಡ.”

ಬದುಕಿದ್ದಾಗ ಅಕ್ಕ ಈ ಮಾತು ಹೇಳಿದ್ದನ್ನು ಇಬ್ಬರೂ ಕೇಳಿರಲಿಲ್ಲ.

“ಅದಕ್ಕೇ ಬಾಗಿಲು ಹಾಕಿಲ್ಲ” ಎಂದರು ಭಾವ, ಊಟ ಆಯಿತು ಎಂದು ಹೇಳುವಷ್ಟು ಸಹಜವಾಗಿ. “ರಾತ್ರೀನೂ ಹಾಕಲ್ಲ. ಪಕ್ಕದ ಮನೆಯವರು ತಲೆ ಕೆಟ್ಟಿದೆ ಅಂತಾರೆ. ಅನ್ನಲಿ ಬಿಡು.”

ಅವಳು ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದಳು. ಒಂದು ವಾಕ್ಯ ಉಳಿದುಕೊಂಡಿತ್ತು. ಅಕ್ಕ ಪದಗಳನ್ನು ಒತ್ತಿದ್ದಳು, ‘ಹೇಳು’ ಒತ್ತಿರಲಿಲ್ಲ. ಹೇಳದೆ ಉಳಿದ ಮಾತನ್ನು ಡಬ್ಬಿ ಪ್ರತಿ ಸಲ ಜೀವ ಬಂದೊಡನೆ ಹೇಳಿ ಮುಗಿಸಲು ನೋಡುತ್ತಿತ್ತು.

“ಕೊನೇ ಸಲ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಒತ್ತಿರ್ಬೇಕು” ಎಂದರು ಭಾವ. “ನಾನು ಗಾಡಿ ತರೋಕೆ ಹೋಗಿದ್ದೆ. ವಾಪಸ್ ಬಂದಾಗ ಡಬ್ಬಿ ಅವಳ ಮಡಿಲಲ್ಲೇ ಇತ್ತು. ಅವಸರದಲ್ಲಿ ಇಲ್ಲೇ ಬಿಟ್ಟು ಹೋದ್ವಿ.”

ಅವಳಿಗೇಕೋ ಅನುಮಾನ. “ನೀರು ಕುಡಿಯೋದು, ಮಾತ್ರೆ ಬೇಡ” ಎಂದು ಒತ್ತಿದಳು. ಡಬ್ಬಿ “ಮಾತ್ರೆ ನೀರು ಕುಡಿಯೋದು ಬೇಡ” ಎಂದಿತು. ಇಸ್ತ್ರಿಪೆಟ್ಟಿಗೆಯ ಕಾವಿಗೆ ಚಿಪ್ ಬಿಸಿಯಾಗಿತ್ತು. ಬಿಡುವೇ ಇಲ್ಲದೆ ಒಂದರ ಬೆನ್ನಿಗೆ ಒಂದು ಬರುವ ಆಜ್ಞೆಗಳಿಗೆ ಉತ್ತರ ತಡವಾಗಿ, ಹಿಂದೆ ಬರಬೇಕಾದ ಪದ ಮುಂದಿರುವುದನ್ನು ದಾಟಿ ಮೊದಲೇ ಬರುತ್ತಿತ್ತು.

“ಭಾವ, ಮಾತು ಅಕ್ಕಂದೇ. ಕ್ರಮ ಅವಳದಲ್ಲ.”

ಅವರು ಅವಳ ಕೈ ಹಿಡಿದರು. “ಸರಿ ಮಾಡ್ಬೇಡಮ್ಮ.”

ಅವಳು ಅವರ ಕೆಮ್ಮು ಕೇಳಿದಳು, ತೆರೆದ ಬಾಗಿಲು ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು, ತಾನು ಕತ್ತರಿಸಿದ್ದ ಬಿಡುವನ್ನೆಲ್ಲ ಮರಳಿ ಸೇರಿಸಿದಳು. ಮತ್ತೆ ಸ್ವಿಚ್ ಹಾಕಿದಳು.

ಮೊದಲು ಬಂದದ್ದು ಮಾತಲ್ಲ, ಉಸಿರು. ಪ್ರತಿ ಪದ ಹೇಳುವ ಮುಂಚೆ ಅಕ್ಕ ನೋವಿನಲ್ಲಿ ಎಳೆದುಕೊಂಡಿದ್ದ ಉಸಿರು. ಇಷ್ಟು ದಿನ ಅವಸರದಲ್ಲಿ ಅದು ಕತ್ತರಿಸಿ ಹೋಗುತ್ತಿತ್ತು. ಈಗ ಅದು ಕೋಣೆಯೊಳಗೆ, ಅವರಿಬ್ಬರ ನಡುವೆಯೇ ಇತ್ತು.

“ಬಾಗಿಲು.” ಉಸಿರು. “ಹಾಕೋದು.” ಉಸಿರು. “ಕಾಯೋದು.” ಉಸಿರು. “ಬೇಡ.”

ಭಾವ ತೆರೆದ ಬಾಗಿಲಿನ ಕಡೆ ನೋಡಿದರು. ಆಮೇಲೆ ಕೇಳಿದರು, “ಬಾಗಿಲು ಹಾಕು, ಕಾಯ್ಬೇಡ ಅಂತಾನಾ? ಹಾಗಾದ್ರೆ ‘ಹೇಳು’ ಯಾಕೆ ಒತ್ತಲಿಲ್ಲ? ಮನಸ್ಸು ಬರಲಿಲ್ವಾ, ಕೈಲಾಗಲಿಲ್ವಾ?”

“ಗೊತ್ತಿಲ್ಲ ಭಾವ.”

“ಮಾತು ಬೇಡ. ಉಸಿರು ಮಾತ್ರ ಕೇಳಿಸೋ ಹಾಗೆ ಮಾಡ್ತೀಯಾ?”

ಮಾಡುವುದು ಅವಳಿಗೆ ಚಿಟಿಕೆ ಹೊಡೆದಷ್ಟು ಸುಲಭ. ಆ ಉಸಿರಿನ ಮುಂದೆ ಭಾವ ಹಗಲೂ ರಾತ್ರಿ ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು.

“ಮಾಡ್ಬಹುದು. ಆದ್ರೆ ಮಾಡಲ್ಲ.”

ಭಾವ ತಲೆದೂಗಿದರು. ಡಬ್ಬಿಯ ವೈರನ್ನು ತಾವೇ ಕಿತ್ತು, ಹೊಲಿಯುತ್ತಿದ್ದ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಬಾಗಿಲ ತನಕ ಬಂದು ಅವಳನ್ನು ಕಳಿಸಿಕೊಟ್ಟರು. ಅವಳು ಮೆಟ್ಟಿಲಿಳಿಯುತ್ತಿದ್ದಂತೆ ಹಿಂದೆ ಚಿಲಕ ಬಿದ್ದ ಸದ್ದಾಯಿತು.

ಅದೇ ಆಗಬೇಕೆಂದು ಅವಳು ಡಬ್ಬಿ ಸರಿ ಮಾಡಿದ್ದು. ಆದರೂ ಕಾಲು ಮುಂದೆ ಹೋಗಲಿಲ್ಲ. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ನಿಂತಿರುವುದು ತಾನೊಬ್ಬಳೇ ಅಲ್ಲ ಎನಿಸಿ, ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವಾಗದೆ, ಅವಳು ಅಲ್ಲೇ ನಿಂತಳು.