ಗೌಡರ ಹೊಲದ ಹಗೇವು

ಪ್ರವೀಣಕುಮಾರ ಸಾಹೇಬರು ಸುಣ್ಣದ ಗೆರೆಯನ್ನು ಹೊಸ ಜಾಗದಲ್ಲಿ ಹಾಕಿಸಿದಾಗಿನಿಂದ ನನಗೆ ಕುಂತಲ್ಲಿ ಕೂರಲಾಗಲಿಲ್ಲ.

ನಮ್ಮೂರು ಗೋಗಿಯ ಆಚೆಗಿನ ಗೌಡರ ಹೊಲವನ್ನು ಒಂದು ಸಣ್ಣ ಕಂಪನಿ ಗುತ್ತಿಗೆ ಹಿಡಿದು ವರ್ಷವಾಗಿತ್ತು. ಅವರದು ರಾಕೆಟ್ಟಿನ ಕೆಲಸ, ಸಾಹೇಬರೇ ಅದರ ಮುಖ್ಯಸ್ಥರು. ಒಮ್ಮೆ ಹಾರಿಸಿ ಸಮುದ್ರಕ್ಕೆ ಬಿಡುವ ರಾಕೆಟ್ಟಲ್ಲ. ಮೇಲೆ ಹೋಗಿ, ತಿರುಗಿ ಬಂದು, ನಾಲ್ಕು ಕಾಲೂರಿ ನಿಂತು, ಮತ್ತೆ ಹಾರಬೇಕಾದದ್ದು. ಈಗಿನದು ಮಾದರಿ, ಎರಡಾಳುದ್ದ. ನೂರು ಮೀಟರ್ ಏರಿ ಇಳಿದರೆ ಸಾಕು. ನನ್ನ ಮೊಮ್ಮಗಳು ಸಂಘಮಿತ್ರಾ ಅಲ್ಲಿ ಇಂಜಿನಿಯರ್, ನೆಲದ ಜವಾಬ್ದಾರಿ ಅವಳದು. ನಾನು ಕಾವಲುಗಾರ, ಧೂಳು ಏಳದಂತೆ ನೀರು ಹೊಡೆಯುವವನು.

ಇಳಿಸುವುದು ಪಡುವಣ ಮೂಲೆಯ ಕಾಂಕ್ರೀಟ್ ಕಟ್ಟೆಯ ಮೇಲೆ ಎಂದು ಮೊದಲಿನಿಂದ ಮಾತಿತ್ತು. ಗಾಳಿ ದಿಕ್ಕು ಬದಲಿಸಿತೆಂದು ಸಾಹೇಬರು ಹಾರಿಸುವ ಹಿಂದಿನ ಮಧ್ಯಾಹ್ನ ಮೂಡಣಕ್ಕೆ ಸರಿದು, ಮುರುಮು ಮಣ್ಣು ಹಾಸಿ ರೋಲರ್ ಹೊಡೆದ ನೆಲದ ಮೇಲೆ ದೊಡ್ಡ ವೃತ್ತ ಬರೆಸಿದರು.

ಆ ವೃತ್ತದ ಕೆಳಗೆ, ನನ್ನ ನೆನಪು ತಪ್ಪದಿದ್ದರೆ, ಹಗೇವು ಇತ್ತು.

ಲೇವಿಯ ಕಾಲದ ಮಾತು. ಸರ್ಕಾರದವರು ಮನೆಮನೆಗೆ ಬಂದು ಜೋಳ ಅಳೆದು ಒಯ್ಯುತ್ತಿದ್ದರು. ಊರೊಳಗೆ ನೆಲದಡಿ ಜೋಳ ತುಂಬಿಡುವ ಹಗೇವುಗಳೆಲ್ಲ ಅವರಿಗೆ ಗೊತ್ತು. ಅದಕ್ಕೇ ಗೌಡರು ನಮ್ಮಪ್ಪನನ್ನು ಕರೆದು ಹೊಲದಲ್ಲೇ ಒಂದು ತೋಡಿಸಿದರು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಜೋಳದ ಕಣಿಕೆ, ಬಾಯಿಗೆ ಚಪ್ಪಡಿ, ಅದರ ಮೇಲೆ ಮೊಳದಷ್ಟು ಮಣ್ಣು. ಬುಟ್ಟಿ ಹೊತ್ತವನು ನಾನು. ಅಪ್ಪನ ಎದೆಯೆತ್ತರ ಇದ್ದೆ. ಗೌಡರು ಇಬ್ಬರ ಕೈಯಲ್ಲೂ ಜೋಳ ಹಿಡಿಸಿ ಆಣೆ ಮಾಡಿಸಿದರು.

"ಇಲ್ಲಿ ಬರೀ ಹೊಲ ಅದ. ಸಾಯೂತನಕ ಇದೇ ಮಾತು. ಏನ್ಲೇ?"

ಆ ವರ್ಷ ನಮ್ಮ ಕೇರಿಯಲ್ಲಿ ದಿನಾ ರೊಟ್ಟಿ ಬಡಿದ ಮನೆ ನಮ್ಮದೊಂದೇ. ಆಮೇಲೆ ಜೋಳ ಖಾಲಿಯಾಯಿತು, ಗೌಡರು ಹೋದರು, ಅಪ್ಪ ಹೋದ. ಚಪ್ಪಡಿ ಮುಚ್ಚಿದಂತೆಯೇ ಉಳಿಯಿತು, ನನ್ನ ಬಾಯಿಯೂ.

ಹೋದ ವರ್ಷ ಸಂಘಮಿತ್ರಾ ಕೇಳಿದ್ದಳು, "ಮುತ್ಯಾ, ಈ ಹೊಲದಾಗ ಹಳೇ ಬಾವಿ, ಗುಂಡಿ ಏನರ ಇತ್ತೇನು?"

"ಬಾವಿ ಇಲ್ಲವ್ವಾ," ಎಂದಿದ್ದೆ. ಸುಳ್ಳಲ್ಲ, ಬಾವಿ ಇರಲಿಲ್ಲ. ಇಳಿಸುವುದೂ ಆಗ ಪಡುವಣಕ್ಕೇ ಇತ್ತು. ಅವಳು ಅದನ್ನೇ ವರದಿಯಲ್ಲಿ ಬರೆದು ಕೆಳಗೆ ಸಹಿ ಹಾಕಿದಳು. ಮೂರು ಕಡೆ ನೆಲ ಕೊರೆದು ನೋಡಿದರು. ಮೂರೂ ಕಡೆ ಗಟ್ಟಿ.

ಗೆರೆ ಹಾಕಿಸಿದ ಮರುದಿನ ಬಿಸಿಲೇರುವ ಹೊತ್ತಿಗೆ ನಾನು ಆ ವೃತ್ತವನ್ನು ಎಷ್ಟು ಸಲ ಸುತ್ತಿದೆನೋ. ರೋಲರ್ ಓಡಿಸುವ ಬಾಷುಮಿಯಾ ಚಹಾ ಕುಡಿಯುತ್ತ ನಕ್ಕ.

"ಏನ್ ಕಾಕಾ, ಗಾಣದ ಎತ್ತಿನಂಗ ತಿರಗಾಕತ್ತೀರಿ? ರಾಕೆಟ್ ಬದ್ಲಿ ನೀವೇ ಹಾರ್ತೀರೇನು?"

"ಬಾಷು, ಇಲ್ಲಿ ರೋಲರ್ ಹೊಡಿಯೂ ಮುಂದ ನೆಲ ದಬದಬ ಅಂತೇನಲೇ?"

"ಅದರ ಸಪ್ಪಳದಾಗ ನನ್ ಹೆಂಡ್ತಿ ಬೈದದ್ದೂ ಕೇಳಂಗಿಲ್ಲ ಕಾಕಾ. ನೆಲ ಅಂದದ್ದು ಎಲ್ಲಿ ಕೇಳ್ಬೇಕು?"

ಅಷ್ಟರಲ್ಲಿ ಇಂಧನದ ಟ್ಯಾಂಕರ್ ಗೇಟಿಗೆ ಬಂದು ನಿಂತಿತು. 'ರಾಕೆಟ್ಟಿನ ಒಂದು ಕಾಲು ಗೇಣುದ್ದ ಕುಸಿದರ ಸಾಕು ಮುತ್ಯಾ, ಉರುಳಿ ಬೀಳ್ತದ' ಎಂದು ಸಂಘಮಿತ್ರಾ ಒಮ್ಮೆ ಹೇಳಿದ್ದು ಕಿವಿಯಲ್ಲಿ ಸುತ್ತುತ್ತಿತ್ತು. ಬಿದ್ದರೆ ಎಲ್ಲರೂ ವರದಿ ತೆಗೆದು ನೋಡುತ್ತಾರೆ. ಆಣೆ ನನ್ನದು, ಸಹಿ ಅವಳದು.

ಹೋಗಿ ಅವಳಿಗೆ ಹೇಳಿದೆ. ಅವಳು ಕಾಗದ ತಿರುವುವುದನ್ನು ನಿಲ್ಲಿಸಿದಳು.

"ಹಗೇವಾ? ವರ್ಷ ಆತು ನಾ ಕೇಳಿ. ಈಗ ಹೇಳಾಕತ್ತೀದಿ?"

"ನೀ ಬಾವಿ ಕೇಳಿದ್ದೆವ್ವಾ."

"ಗುಂಡಿನೂ ಕೇಳಿದ್ದೆ ಮುತ್ಯಾ."

ಹೌದು, ಕೇಳಿದ್ದಳು.

ಅವಳು ಸಾಹೇಬರ ಹತ್ತಿರ ಹೋಗಿ ಟ್ಯಾಂಕರನ್ನು ಗೇಟಿನಲ್ಲೇ ತಡೆಸಿದಳು. ಸಾಹೇಬರು ನನ್ನ ಮುಂದೆ ಬಂದು ನಿಂತರು. "ಯಾವ ಜಾಗ ಅಜ್ಜಾರ? ಖಾತ್ರಿ ಅದ ಏನ್ರಿ?"

"ಆ ಬಾಂದಗಲ್ಲಿನಿಂದ ಮೂಡಣಕ್ಕ ನಲವತ್ತು ಹೆಜ್ಜಿರಿ. ನಮ್ಮಪ್ಪ ಎಣಿಸಿದ್ದು."

ನಡೆದೆ. ನಲವತ್ತು ಮುಗಿದರೂ ವೃತ್ತ ಇನ್ನೂ ಮುಂದೆಯೇ ಇತ್ತು. ಬಾಷುಮಿಯಾ ಹಾರೆ ಹಾಕಿದ. ಬರೀ ಮಣ್ಣು. ಸಾಹೇಬರು ಗಡಿಯಾರ ನೋಡಿದರು.

"ಹನ್ನೊಂದರ ಮ್ಯಾಲ ಗಾಳಿ ಏಳ್ತದ್ರಿ ಅಜ್ಜಾರ."

ಆಗ ಅಪ್ಪನ ಕಾಲು ನೆನಪಾಯಿತು. ಉದ್ದಾಳು. ಬುಟ್ಟಿ ಹೊತ್ತು ಅವನ ಹಿಂದೆ ನಾನು ಓಡುತ್ತಲೇ ಇರುತ್ತಿದ್ದೆ. ಅವನ ಎರಡು ಹೆಜ್ಜೆಗೆ ನನ್ನವು ಮೂರು. ಈಗ ಬೆನ್ನು ಬಾಗಿ ಮತ್ತೆ ಅಷ್ಟೇ ಹೆಜ್ಜೆಯವನಾಗಿದ್ದೇನೆ. ಇನ್ನೂ ಇಪ್ಪತ್ತು ನಡೆದೆ. ಸುಣ್ಣದ ಗೆರೆ ದಾಟಿ ಒಳಗೆ ನಿಂತೆ.

"ಇಲ್ಲಿ ಹಾಕು."

ಮೂರನೆಯ ಏಟಿಗೆ ಹಾರೆ ಠಣ್ ಎಂದಿತು.

ಚಪ್ಪಡಿ ಸರಿಸುವಾಗ ಅದು ನಡುವೆ ಸೀಳಿ ಒಂದು ತುಂಡು ಒಳಗೆ ಬಿತ್ತು. ಬಿದ್ದ ಸಪ್ಪಳ ತಡವಾಗಿ ಬಂತು. ಬಾಷುಮಿಯಾ ಮೊಬೈಲ್ ಬೆಳಕು ಬಿಟ್ಟು ಬಗ್ಗಲು ಹೋದ. ರಟ್ಟೆ ಹಿಡಿದು ಎಳೆದೆ. "ಬಗ್ಗಬ್ಯಾಡಲೇ, ಹಗೇವಿನ ಗಾಳಿ ಕೆಟ್ಟದ್ದು. ಜೀವ ತಗೋತದ."

ಸಾಹೇಬರು ಆ ಕಪ್ಪು ಬಾಯಿಯಿಂದ ಎಲ್ಲರನ್ನೂ ಹಿಂದೆ ಸರಿಸಿದರು. "ಇವತ್ತು ಹಾರಸೂದಿಲ್ಲ," ಎಂದರು. ಆಮೇಲೆ, "ನೆಲದ ವರದಿ ಯಾರದು?"

"ನಂದ್ರಿ ಸರ್," ಎಂದಳು ಸಂಘಮಿತ್ರಾ.

"ಮಾತು ನಂದ್ರಿ," ಎಂದೆ ನಾನು. "ಆಕಿ ಕೇಳಿದ್ದಳು. ನಾ ಮುಚ್ಚಿಟ್ಟೆ."

ಅವಳು ನನ್ನ ಕಡೆ ನೋಡಲಿಲ್ಲ. ಜೇಬಿನಿಂದ ಪೆನ್ನು ತೆಗೆದಳು. "ಇನ್ನ ಏನೇನದ ಹೇಳು. ಬರಕೋತೀನಿ."

"ನಮ್ಮಪ್ಪ ಇನ್ನೊಂದು ತೋಡಿದ್ದ."

"ಎಲ್ಲಿ?"

ಸಾಹೇಬರ ಕುರ್ಚಿ ಹಾಕಿದ್ದ ಶೆಡ್ಡಿನ ಕಡೆ ಕೈ ತೋರಿಸಿದೆ. ಬಾಷುಮಿಯಾ ಒಬ್ಬನೇ ನಕ್ಕ.

ಎರಡನ್ನೂ ಕಲ್ಲು, ಮುರುಮು ತುಂಬಿ ಗಟ್ಟಿ ಮಾಡಲು ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಅವಳು ನನ್ನೊಡನೆ ಕೆಲಸದ ಮಾತಷ್ಟೇ ಆಡಿದಳು. ಹದಿಮೂರನೆಯ ದಿನ ರಾಕೆಟ್ ಹಾರಿತು. ಎಲ್ಲರೂ ಕತ್ತೆತ್ತಿದ್ದರು. ನಾನು ದೂರದ ತಂತಿಬೇಲಿ ಹಿಡಿದು ವೃತ್ತವನ್ನೇ ನೋಡುತ್ತಿದ್ದೆ. ಬೆಂಕಿ ಇಳಿಯಿತು, ಧೂಳು ಎದ್ದಿತು. ಧೂಳು ಕುಳಿತಾಗ ಅದು ನಾಲ್ಕು ಕಾಲ ಮೇಲೆ ನೆಟ್ಟಗೆ ನಿಂತಿತ್ತು.

ಸಂಘಮಿತ್ರಾ ಓಡಿ ಬಂದು ನನ್ನ ಕೈ ಹಿಡಿದಳು.

"ಮುಗೀತಲ್ಲವ್ವಾ?" ಎಂದೆ.

"ಎಲ್ಲಿ ಮುಗೀತು ಮುತ್ಯಾ? ನಾಡಿದ್ದು ಇದನ್ನೇ ಮತ್ತ ಹಾರಸ್ತೀವಿ. ಅದಕ್ಕ ಅಲ್ಲೇನು ಇಷ್ಟೆಲ್ಲ?"

ನಾನು ಶೆಡ್ಡಿಗೆ ಹೋಗಿ ಹಾರೆ ತಂದೆ, ವೃತ್ತದ ನೆಲವನ್ನು ಮತ್ತೊಮ್ಮೆ ಬಡಿದು ನೋಡಲು.